ಹನ್ನೊಂದನೆಯ ಮೆಟ್ಟು

ಮಗಳ ಮೊಣಕಾಲಿಗೆ ಸುತ್ತಿದ್ದ ಟವೆಲ್ಲಿನಿಂದ ಐಸು ಕರಗಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಒರೆಸಲೆಂದು ಬಟ್ಟೆ ಹಿಡಿದು ಬಂದ ಕುಶಲಾ ಬಗ್ಗದೆ ಹಾಗೆಯೇ ನಿಂತಿದ್ದಳು. ಬಗ್ಗಿದರೆ ಆ ಮೊಣಕಾಲು ಅವಳ ಕಣ್ಣಿನ ಮಟ್ಟಕ್ಕೆ ಬರುತ್ತದೆ. ನಿನ್ನೆ ಸಂಜೆ ಕದ್ರಿಯ ಮೈದಾನದಿಂದ ಇಬ್ಬರು ಹುಡುಗಿಯರು ಸಂಚಿತಾಳನ್ನು ಹೆಗಲು ಕೊಟ್ಟು ಕರೆತಂದಾಗಿನಿಂದ, ಡಾಕ್ಟರು ಒತ್ತಿ ನೋಡಿ ಲಿಗಮೆಂಟು ಎಳೆದಿದೆ, ಮೂರು ವಾರ ಕುಣಿತ ಹಾರಾಟ ಎಂತದೂ ಬೇಡ ಎಂದಾಗಲೂ, ಅವಳು ಅದನ್ನು ಮೇಲಿನಿಂದಷ್ಟೇ ನೋಡಿದ್ದಳು, ನಿಂತೇ ನೋಡಿದ್ದಳು, ತರಗತಿಯಲ್ಲಿ ಮಕ್ಕಳ ನೋಟ್ಸು ನೋಡುವ ಹಾಗೆ. "ಅಮ್ಮ, ನಾನು ತಪ್ಪು ಇಳಿದದ್ದಲ್ಲ," ಎಂದಳು ಸಂಚಿತಾ, ನಿನ್ನೆಯಿಂದ ಇದು ನಾಲ್ಕನೆಯ ಸಲ. "ನಿನ್ನ ಪುಸ್ತಕದಲ್ಲಿ ಉಂಟಲ್ಲ, ಹಾಗೆಯೇ ಇಳಿದದ್ದು. ಹನ್ನೊಂದಕ್ಕೆ ಮಡಿಯದ ಮೊಣಕಾಲು, ತಿರುಗದ ಕಣ್ಣು. ಬೇಕಾದರೆ ಕಲಿಸಿದ ರಿತೇಶ್ ಸರ್ ಹತ್ತಿರ ಕೇಳು." ಹತ್ತನೆಯ ತರಗತಿಯ ಹುಡುಗಿ, ಕಾಲು ನೋಯುವುದಕ್ಕಿಂತ ಹೆಚ್ಚಾಗಿ ಅಮ್ಮನ ಕಾರ್ಯಕ್ರಮದ ಹಿಂದಿನ ದಿನ ಅಮ್ಮನ ಸಾಲನ್ನು ಕೆಡಿಸಿದೆನೆಂದು ಅಂಜಿಕೊಂಡಿದ್ದಳು. ಅಮ್ಮನ ಸಾಲು. ಅವಳಿಗೆ ಗೊತ್ತಿಲ್ಲದೆಯೇ ಅವಳ ಬಾಯಲ್ಲಿ ನಿಜ ಬಂದಿತ್ತು. ಆ ಸಾಲು ದೊಣ್ಣೆವರಸೆ ಕಲಿಸಿದ ಗುರುವಪ್ಪ ಉಸ್ತಾದರದ್ದಲ್ಲ, ಅವರ ಉಸ್ತಾದರದ್ದೂ ಅಲ್ಲ, ತಾಲೀಮಿನ ಯಾವ ಪರಂಪರೆಯದ್ದೂ ಅಲ್ಲ. ಕುಶಲಾ ಅದನ್ನು ಹದಿನಾಲ್ಕು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಎಡಗೈಯಲ್ಲಿ ತೊಟ್ಟಿಲು ತೂಗುತ್ತ ಬಲಗೈಯಲ್ಲಿ ಬರೆದು ಹಾಕಿದ್ದಳು.

ಆ ಮಧ್ಯಾಹ್ನವನ್ನು ಅವಳು ಮರೆತಿದ್ದಳೆಂದಲ್ಲ. ಮಂಚದ ಕೆಳಗೆ ತಳ್ಳಿದ ಟ್ರಂಕಿನ ಹಾಗೆ ಅದು ಇತ್ತು, ಗುಡಿಸುವಾಗ ಪೊರಕೆ ತಾಗುತ್ತಿತ್ತು. ತೊಟ್ಟಿಲಲ್ಲಿ ಜ್ವರದ ಕೂಸು, ಗಂಡ ಮಸ್ಕತ್ತಿನಲ್ಲಿ, ನಾಲ್ಕು ಗಂಟೆಗೆ ಪ್ರೂಫು ಒಯ್ಯಲು ಪ್ರೆಸ್ಸಿನವರು ಬರುವವರು. ಬೇರೆ ಬೇರೆ ನಾಡುಗಳ ಕಾಳಗದ ಬರಹಗಳ ಬಗ್ಗೆ ಅವಳ ಪುಸ್ತಕ: ಚೀನಾದಲ್ಲಿ ಮುಷ್ಟಿಯ ಪಟ್ಟುಗಳನ್ನು ಪದ್ಯ ಕಟ್ಟಿ ಕಲಿಸುವವರು, ಹೊರಗಿನವರಿಗೆ ತಿಳಿಯಬಾರದೆಂದು ಕತ್ತಿಯ ಪಾಠವನ್ನು ಒಗಟಿನಲ್ಲಿ ಬರೆದ ಜರ್ಮನ್ನರು, ಕೇರಳದ ಕಳರಿಯಲ್ಲಿ ಗುರು ಆಶಾನ್ ಬಾಯಿಬಿಟ್ಟು ಹೇಳುವ ಪಟ್ಟಿನ ಮಾತು, ವಾಯ್ತಾರಿ. ಕೊನೆಯ ಅಧ್ಯಾಯ ಮಂಗಳೂರಿನ ತಾಲೀಮು, ದಸರೆಯಲ್ಲಿ ಆಡುವ ದೊಣ್ಣೆವರಸೆ, ಗುರುವಪ್ಪ ಉಸ್ತಾದರು ಬಾಯಲ್ಲಿ ಹೇಳಿ ಆಡಿಸುವ ಹದಿನೆಂಟು ಮೆಟ್ಟುಗಳು. ಉಸ್ತಾದರು ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಹಗಲು ಸ್ಟ್ರೆಚರ್ ತಳ್ಳಿ ಸಂಜೆ ಹುಡುಗರಿಗೆ ದೊಣ್ಣೆ ಬೀಸಲು ಕಲಿಸಿದವರು, ಬಂದರಿನ ಬ್ಯಾರಿ ಮುಸ್ಲಿಂ ಗುರುಗಳೊಬ್ಬರಿಂದ ಕಲಿತವರು, ಉಸ್ತಾದ್ ಎಂಬ ಹೆಸರೂ ಅಲ್ಲಿಂದಲೇ ಬಂದದ್ದು. ಜಗಲಿಯ ಬೆಂಚಿನ ಮೇಲೆ ಕೂತು ಅವರು ಒಂದೊಂದೇ ಹೇಳಿದ್ದರು. ಒಂದಕ್ಕೆ ನೆಲ ಮುಟ್ಟು, ಎರಡಕ್ಕೆ ಎಡಗಾಲು ಹಿಂದೆ, ಹೀಗೆ ಸಾಗಿ, ಹತ್ತಕ್ಕೆ ನೆಲ ಬಿಡು. ಆಮೇಲೆ ಬಾಯಿ ಮುಚ್ಚಿದರು. ಅವರ ಕಣ್ಣು ಅವಳ ಹೆಗಲಿನಾಚೆ ಅಂಗಳದ ಮೂಲೆಯಲ್ಲೆಲ್ಲೋ ನೆಟ್ಟಿತ್ತು. ಸ್ವಲ್ಪ ಹೊತ್ತಿನ ಮೇಲೆ, ಹನ್ನೆರಡಕ್ಕೆ ಬಲಕ್ಕೆ ಬೀಸು, ಎಂದರು. "ಹನ್ನೊಂದು, ಉಸ್ತಾದರೇ?" ಎಂದು ಅವಳು ಕೇಳಿದ್ದಳು. "ಅದಕ್ಕೆ ಮಾತಿಲ್ಲ ಅಕ್ಕ." ಅವಳು ನೋಟ್ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಳು: ಮರೆತಿದ್ದಾರೆ.

ಮರೆತಿದ್ದಾರೆ. ಒಗೆಯುವಾಗ, ಪಾತ್ರೆ ತಿಕ್ಕುವಾಗ, ಪೇಪರು ತಿದ್ದುವಾಗ ಆ ಪದ ಅವಳ ಬೆರಳ ಸಂದಿಗೆ ಬಂದು ಕೂರುತ್ತಿತ್ತು. ಯಾಕೆಂದರೆ ಅದೇ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ ಅವಳು ಜಪಾನಿನ ಕತ್ತಿವರಸೆಯ ಸುರುಳಿಗಳ ಬಗ್ಗೆ ಬರೆದಿದ್ದಳು. ಅಲ್ಲಿಯ ಗುರುಗಳು ಕೆಲವು ಪಟ್ಟುಗಳ ಹೆಸರನ್ನಷ್ಟೇ ಬರೆದು, ಉಳಿದದ್ದು ಬಾಯಿಪಾಠ ಎಂದು ಜಾಗ ಬಿಟ್ಟುಬಿಡುತ್ತಿದ್ದರಂತೆ. ಆ ಬಿಟ್ಟ ಜಾಗಕ್ಕೆ ಅವಳು ಮೂರು ಪುಟ ಕೊಟ್ಟಿದ್ದಳು, ಅಡಿಟಿಪ್ಪಣಿ ಬೇರೆ. ಅಷ್ಟು ದೂರದವರು ಸುಮ್ಮನಾದರೆ ಅದು ಮೌನ. ಅತ್ತಾವರದ ವಾರ್ಡ್ ಅಟೆಂಡರು ಸುಮ್ಮನಾದರೆ ಅದು ವಯಸ್ಸಿನ ಮರೆವು. ಹದಿನೆಂಟು ಎಂದು ತಲೆಬರಹ ಕೊಟ್ಟು ಹದಿನೇಳು ಅಚ್ಚಾದರೆ ಓದುವವರು ನಗುತ್ತಾರೆಂದು, ಕೂಸು ಅಳುತ್ತಿದೆಯೆಂದು, ಪ್ರೆಸ್ಸಿನವನ ಬೈಕು ಗೇಟಿನ ಹತ್ತಿರ ಬಂದೇಬಿಟ್ಟಿತೆಂದು, ಅವಳು ಬರೆದಳು. ತಾಲೀಮಿನಲ್ಲಿ ಒಂದು ದಿನವೂ ಕಾಲಿಡದವಳಿಗೆ ಮೊಣಕಾಲೆಂದರೆ ಪ್ರಾಸಕ್ಕೆ ಒದಗುವ ಪದ. ಮಡಿಯದ ಮೊಣಕಾಲು. ಬರೆದಾಗ ಮೈ ಜುಮ್ಮೆಂದದ್ದೂ ಸುಳ್ಳಲ್ಲ. ವಿಮರ್ಶೆ ಬರೆದವರೆಲ್ಲ ಎತ್ತಿ ಹೇಳಿದ್ದು ಆ ಸಾಲನ್ನೇ. ಜನಪದದ ಬಾಯಲ್ಲಿ ಮಾತ್ರ ಇಂಥದ್ದು ಹುಟ್ಟಲು ಸಾಧ್ಯ ಎಂದಿದ್ದರು. ಇವತ್ತು ಕೊಡಿಯಾಲ್‌ಬೈಲಿನ ಅವಳ ಕಾಲೇಜಿನಲ್ಲಿ ಆ ಪುಸ್ತಕ ಹಿಗ್ಗಿ, ಹತ್ತು ಭಾಷೆಗಳಿಂದ ಆಯ್ದ ಬರಹಗಳ ಸಂಕಲನವಾಗಿ ಬಿಡುಗಡೆಯಾಗಲಿತ್ತು. ಬಿಡುಗಡೆಯಾದ ಮೇಲೆ ಸಂಚಿತಾಳ ಶಾಲೆಯ ಹನ್ನೆರಡು ಹುಡುಗಿಯರ ತಾಲೀಮು, ಶಾಲೆಯ ಕರಾಟೆ ಮೇಷ್ಟ್ರು ರಿತೇಶ್ ಪುಸ್ತಕ ನೋಡಿ ಕಲಿಸಿದ್ದು. ಮೆಟ್ಟು ಹೇಳುವವಳು ಕುಶಲಾ. ಮೂರು ತಿಂಗಳಿಂದ ಆ ಮಕ್ಕಳು ಪುಸ್ತಕ ಹೇಳಿದ ಹಾಗೆ ಕಾಲನ್ನು ಕಂಬ ಮಾಡಿ ನೆಲಕ್ಕೆ ಇಳಿಯುತ್ತಿದ್ದರು, ಮತ್ತು ಅವಳು ಅದನ್ನು ಒಂದು ದಿನವೂ ಹೋಗಿ ನೋಡಿರಲಿಲ್ಲ. ಪುರುಸೊತ್ತು ಇರಲಿಲ್ಲ. ಯಾವತ್ತು ಇತ್ತು?

ಅವಳು ಬಗ್ಗಿದಳು. ನೆಲ ಒರೆಸಿದಳು. ಮೊಣಕಾಲು ಕಣ್ಣಿನ ಮಟ್ಟಕ್ಕೆ ಬಂತು, ಒಂದು ಪಕ್ಕ ಹಲಸಿನ ಬೀಜದ ಬಣ್ಣಕ್ಕೆ ತಿರುಗಿ, ಹೊಳೆಯುತ್ತ. ಇನ್ನೂ ಹನ್ನೊಂದು ಜೊತೆ ಮೊಣಕಾಲು ಉಂಟು ಎಂದುಕೊಂಡಳು, ಇವತ್ತು ಹನ್ನೊಂದೂವರೆಗೆ ಸ್ಟೇಜಿನ ಹಲಗೆಯ ಮೇಲೆ. "ಏಳು," ಎಂದಳು. "ಅತ್ತಾವರಕ್ಕೆ ಹೋಗಿ ಕಾಲೇಜಿಗೆ ಹೋಗುವ."

"ಅತ್ತಾವರದಲ್ಲಿ ಎಂತ? ಪುನಃ ಡಾಕ್ಟರಾ?"

"ಅಲ್ಲ. ಉಸ್ತಾದರ ಮನೆ."

"ಅವರು ಇದ್ದಾರಾ ಇನ್ನೂ?" ಎಂದು ಸಂಚಿತಾ ಕಣ್ಣರಳಿಸಿದಳು. "ನೀನು ಭಾಷಣದಲ್ಲೆಲ್ಲ ಅವರು ಹೇಳುತ್ತಿದ್ದರು, ಹೇಳುತ್ತಿದ್ದರು ಅಂತೀಯಲ್ಲ, ನಾನು ಸತ್ತುಹೋಗಿದ್ದಾರೆ ಅಂತ ಮಾಡಿದ್ದೆ ಮಾರಾಯ್ತಿ."

ರಿಕ್ಷಾ ಕದ್ರಿಯ ಇಳಿಜಾರು ಇಳಿದು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಮಗಳು ಕಾಲನ್ನು ನೀಟಾಗಿ ಚಾಚಿ ಅಮ್ಮನ ತೊಡೆಯ ಮೇಲಿಟ್ಟಿದ್ದಳು. ಪುಸ್ತಕ ಬಂದ ವಾರ ಇದೇ ದಾರಿಯಲ್ಲಿ ಕುಶಲಾ ಒಬ್ಬಳೇ ಹೋಗಿದ್ದಳು, ಉಸ್ತಾದರಿಗೆ ಒಂದು ಶಾಲು, ಒಂದು ಪ್ರತಿ. ಅವರಿಗೆ ಓದಲು ಬರುವುದಿಲ್ಲವೆಂಬುದು ಅವತ್ತು ಅವಳಿಗೆ ಸಮಾಧಾನವೇ ಆಗಿತ್ತು. ಆ ಸಮಾಧಾನದ ನೆನಪಿಗೆ ಈಗ ಕಿವಿ ಬಿಸಿಯಾಯಿತು. ಅವರು ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿ ದೇವರ ಪಟದ ಕೆಳಗೆ ಇಟ್ಟಿದ್ದರು. ಆಮೇಲೆ ಅವಳು ಆ ಬೀದಿಗೆ ಹೋಗಲಿಲ್ಲ. ದಸರೆಯ ಮೆರವಣಿಗೆಯಲ್ಲಿ ತಾಲೀಮಿನವರು ಬಂದಾಗ ಗುಂಪಿನ ಹಿಂದಕ್ಕೆ ಸರಿದು ನಿಲ್ಲುತ್ತಿದ್ದಳು. ಹಿಂದಕ್ಕೆ ಸರಿಯುವುದು ಅವಳಿಗೆ ಅಭ್ಯಾಸವಾಗಿತ್ತು. ಇವತ್ತು ಮಾತ್ರ ಇಲ್ಲ, ಎಂದು ಅವಳು ರಿಕ್ಷಾದ ಕಂಬಿ ಹಿಡಿದಳು, ಯಾರೋ ಹಿಂದಕ್ಕೆ ಎಳೆಯುತ್ತಿದ್ದಾರೆ ಎಂಬಂತೆ.

ಬಾಗಿಲು ತೆರೆದದ್ದು ಉಸ್ತಾದರ ಸೊಸೆ ಅಕ್ಷಿತಾ. ಆಸ್ಪತ್ರೆಯ ರಾತ್ರಿ ಡ್ಯೂಟಿ ಮುಗಿಸಿ ಬಂದು ಇನ್ನೂ ಯೂನಿಫಾರ್ಮು ಬದಲಿಸಿರಲಿಲ್ಲ. "ಓ, ಬುಕ್ಕಿನ ಮೇಡಂ," ಎಂದಳು, ಒಳಗೆ ಮುಖ ಮಾಡಿ, "ಮಾಮ, ಬುಕ್ಕಿನ ಮೇಡಂ ಬಂದಿದ್ದಾರೆ." ಉಸ್ತಾದರು ಅದೇ ಬೆಂಚಿನ ಮೇಲಿದ್ದರು. ಎಂಬತ್ತು ದಾಟಿ ಮೈ ಇಳಿದಿತ್ತು, ಕುತ್ತಿಗೆ ಮಾತ್ರ ಮೊದಲಿನ ಹಾಗೆಯೇ ನೆಟ್ಟಗೆ. ಅವಳು ಹಾದಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತಿಗೆ ಬಾಯಿ ತೆರೆಯುವ ಮೊದಲೇ ಅವರ ಕಣ್ಣು ಸಂಚಿತಾಳ ನಡಿಗೆಯ ಮೇಲೆ ಬಿದ್ದಿತ್ತು. "ಬಾ ಮಗಾ, ಇಲ್ಲಿ ಕೂತುಕೋ," ಎಂದು ತುಳುವಿನಲ್ಲಿ ಕರೆದು, ಮೊಣಕಾಲಿನ ಸುತ್ತ ಹೆಬ್ಬೆರಳಿನಿಂದ ಒಂದು ಸುತ್ತು ಬಂದರು, ಎಲ್ಲಿಯೂ ಒತ್ತದೆ. "ಹಾರಿ ಇಳಿದದ್ದು. ಕಾಲು ಕಂಬ ಮಾಡಿಕೊಂಡು ಇಳಿದದ್ದು. ಯಾರು ಹಾಗೆ ಕಲಿಸಿದ ಬೆಪ್ಪ?"

"ಬೆಪ್ಪ ಅಲ್ಲ ಅಜ್ಜ, ಬುಕ್ಕಿನಲ್ಲಿಯೇ ಉಂಟು," ಎಂದಳು ಸಂಚಿತಾ. "ನೀವು ಹೇಳಿದ್ದೇ ಅಲ್ವಾ? ಹನ್ನೊಂದನೆಯದ್ದು."

ಉಸ್ತಾದರು ಕುಶಲಾಳ ಮುಖ ನೋಡಿದರು. ಅಕ್ಷಿತಾ ಚಾ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಕುಶಲಾಳಿಗೆ ಒಂದು ಕ್ಷಣ ತಾನು ಮಾಡಬಹುದಾದ ಸಣ್ಣಸಣ್ಣ ಕೆಲಸಗಳೆಲ್ಲ ಕಂಡವು: ಚಾ ತೆಗೆದುಕೊಳ್ಳುವುದು, ಗಂಟೆ ನೋಡುವುದು, ಮಗಳನ್ನು ರಿಕ್ಷಾದಲ್ಲಿ ಕೂರಿಸಿ ಬಂದು ಇವರೊಬ್ಬರ ಹತ್ತಿರ ಹೇಳುವುದು. "ಅದು ನಾನು ಬರೆದದ್ದು, ಉಸ್ತಾದರೇ," ಎಂದಳು. "ನೀವು ಹೇಳಲಿಲ್ಲ. ನೀವು ಮರೆತಿದ್ದೀರಿ ಅಂತ ಎಣಿಸಿ ನಾನೇ ಒಂದು ಸಾಲು ಹಾಕಿದೆ. ನಿಮ್ಮ ಹೆಸರಿನಲ್ಲಿ."

ಸಂಚಿತಾ ಅಮ್ಮನನ್ನು ನೋಡಲಿಲ್ಲ. ತನ್ನ ಕಾಲನ್ನು ನೋಡಿಕೊಂಡಳು.

"ಇವಳು ಒಂದು ಸಲ ಇಡೀ ಓದಿ ಹೇಳಿದ್ದಳು," ಎಂದರು ಉಸ್ತಾದರು, ಸೊಸೆಯ ಕಡೆ ಗಲ್ಲ ತಿರುಗಿಸಿ. "ಆ ಸಾಲು ಬಂದಾಗ ನಾನು, ಇದೆಂತ, ಎಂದೆ. ಮೇಡಂ ಓದಿದವರು, ನಾಲ್ಕು ದೇಶದ ಪುಸ್ತಕ ನೋಡಿದವರು. ಜಪಾನಿನ ಯಾವುದೋ ಉಸ್ತಾದನದ್ದು ಇರಬೇಕು, ನಮ್ಮದರ ಒಟ್ಟಿಗೆ ಸೇರಿಸಿದ್ದಾರೆ ಅಂತ ಅಂದುಕೊಂಡೆ. ಅಲ್ಲಿಯವರ ಮೊಣಕಾಲು ಬೇರೆ ನಮೂನೆ ಇದ್ದೀತು ಅಂತ." ಅವರ ಮುಖದಲ್ಲಿ ಕುಚೋದ್ಯ ಇತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

"ಹಾಗಾದರೆ ಅಲ್ಲಿ ಎಂತ ಉಂಟು? ನೀವು ಅವತ್ತೇ ಯಾಕೆ ಹೇಳಲಿಲ್ಲ?"

"ನೀವು ಮಾತು ಕೇಳಿದಿರಿ. ಮಾತಿಲ್ಲ ಅಂದೆ. ಮತ್ತೆ ನೀವು ಕೇಳಲಿಲ್ಲ ಅಕ್ಕ, ಬರೆದುಕೊಂಡಿರಿ." ಅವರು ಬೆಂಚಿನ ಅಂಚನ್ನು ಹಿಡಿದು ಮುಂದಕ್ಕೆ ಬಾಗಿದರು. "ಹತ್ತಕ್ಕೆ ಮಕ್ಕಳು ಹಾರುವುದು. ಹಾರುವಾಗ ಎಲ್ಲ ಒಟ್ಟಿಗೆ ಹಾರ್ತಾರೆ. ಇಳಿಯುವಾಗ ಒಟ್ಟಿಗೆ ಇಳಿಯುವುದಿಲ್ಲ. ಒಬ್ಬನ ಕಾಲು ಬೇಗ ಕೂರ್ತದೆ, ಒಬ್ಬನದ್ದು ತಡ. ಹನ್ನೆರಡಕ್ಕೆ ದೊಣ್ಣೆ ಬೀಸುವುದು. ಕಾಲು ಕೂರದವನು ಬೀಸಿದರೆ ಪಕ್ಕದವನ ತಲೆ ಹೋಗ್ತದೆ. ಹಾಗೆ ಹನ್ನೊಂದಕ್ಕೆ ನಾನು ಬಾಯಿ ಮುಚ್ಚುವುದು. ಅಲ್ಲಿ ನನಗೆ ನೋಡುವ ಕೆಲಸ ಉಂಟು."

"ಎಷ್ಟು ಹೊತ್ತು?"

"ಕಡೆಯವನ ಹಿಮ್ಮಡಿ ಕೂರುವಷ್ಟು."

ಅವತ್ತು ಅವರ ಕಣ್ಣು ತನ್ನ ಹೆಗಲಿನಾಚೆ ಅಂಗಳದ ಮೂಲೆಗೆ ಹೋದದ್ದು ಅವಳಿಗೆ ನೆನಪಾಯಿತು. ಅಲ್ಲಿ ಯಾರೂ ಇರಲಿಲ್ಲ. ಬೆಂಚಿನ ಮೇಲೆ ಕೂತು ಬರಿಯ ಬಾಯಿಪಾಠ ಒಪ್ಪಿಸುವಾಗಲೂ ಈ ಮನುಷ್ಯ ಇಲ್ಲದ ಸಾಲಿನ ಕಡೆಯ ಹುಡುಗನಿಗಾಗಿ ಕಾದಿದ್ದರು. ತಾನು ಅದರ ಪಕ್ಕ ಪೆನ್ಸಿಲಿನಲ್ಲಿ ಬರೆದದ್ದು! ಚಾದ ಲೋಟ ಖಾಲಿ ಮಾಡಿದಳು. ಅಕ್ಷಿತಾ ನಿದ್ದೆಗಣ್ಣಿನಲ್ಲಿ ಮಾಡಿದ ಚಾ. ಹೊರಡುವಾಗ ಕಾಲು ಮುಟ್ಟಲು ಬಗ್ಗಿದರೆ ಉಸ್ತಾದರು, "ಅದೆಲ್ಲ ಬೇಡ, ಗಂಟೆ ಆಯಿತು, ಮಕ್ಕಳು ಕಾಯ್ತಾರೆ," ಎಂದು ಕೈ ಅಡ್ಡ ಹಿಡಿದರು. ಕ್ಷಮೆಯನ್ನೂ ಕೊಡಲಿಲ್ಲ, ಬೈಗಳನ್ನೂ ಕೊಡಲಿಲ್ಲ. ಕೆಲಸ ಕೊಟ್ಟರು.

ಪುನಃ ರಿಕ್ಷಾ. ಸಂಚಿತಾ ಈ ಸಲ ಕಾಲನ್ನು ಅಮ್ಮನ ತೊಡೆಯ ಮೇಲೆ ಇಡಲಿಲ್ಲ, ನೋವಾದರೂ ಕೆಳಗೇ ಇಟ್ಟುಕೊಂಡಳು. ರಿಕ್ಷಾ ಎರಡು ಸಿಗ್ನಲ್ ದಾಟಿತು. ಆಮೇಲೆ ಹೊರಗೆ ನೋಡುತ್ತಲೇ, "ಗೊತ್ತಿಲ್ಲದಿದ್ದರೂ ಖಾಲಿ ಬಿಡಬೇಡ, ಎಂತಾದರೂ ಬರಿ ಅಂತ ನೀನು ಎಕ್ಸಾಮಿಗೆ ಹೇಳುವುದು ಇದಕ್ಕೇನಾ?" ಎಂದಳು. ಡ್ರೈವರು ಕನ್ನಡಿಯಲ್ಲಿ ನೋಡಿದ. ಆ ಖಾಲಿ ಜಾಗವನ್ನು ತುಂಬಿಸಲು ಕುಶಲಾಳ ನಾಲಿಗೆಯ ತುದಿಗೆ ಬಂದ ನಾಲ್ಕೈದು ವಾಕ್ಯಗಳನ್ನು, ಜ್ವರ, ತೊಟ್ಟಿಲು, ಪ್ರೆಸ್ಸು, ಎಲ್ಲವೂ ನಿಜವಾದವು, ಅವಳು ಒಂದೊಂದಾಗಿ ನುಂಗಿಕೊಂಡಳು. ನಿನಗೆ ಜ್ವರ ಇತ್ತು ಎಂದರೆ ತಪ್ಪು ಮಗಳ ಮಡಿಲಿಗೆ ಹೋಗುತ್ತದೆ. "ಕಾಲು ಮೇಲೆ ಇಡು," ಎಂದಷ್ಟೇ ಹೇಳಿದಳು. ಬಹಳ ಹೊತ್ತಿನ ಮೇಲೆ ಕಾಲು ಬಂತು, ಭಾರವಾಗಿ.

ಕಾಲೇಜಿನ ಸಭಾಂಗಣದ ಸ್ಟೇಜಿನ ಹಿಂದೆ ಬ್ಯಾನರು ಆಗಲೇ ಏರಿತ್ತು. ಹಳದಿ ಅಕ್ಷರಗಳಲ್ಲಿ, ಆಳೆತ್ತರಕ್ಕೆ, ಮಡಿಯದ ಮೊಣಕಾಲು ತಿರುಗದ ಕಣ್ಣು. ಕೆಳಗೆ ಸಣ್ಣದಾಗಿ, ತಾಲೀಮಿನ ಬಾಯಿಪಾಠದಿಂದ. ವಿಭಾಗದ ಮುಖ್ಯಸ್ಥ ಹ್ಯೂಬರ್ಟ್ ಸರ್, ಸಂಕಲನದ ಇನ್ನೊಬ್ಬ ಸಂಪಾದಕರು, ಹೂವಿನ ಬುಟ್ಟಿ ಎಣಿಸುತ್ತಿದ್ದವರು ಅವಳ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಅವಳನ್ನು ಕಂಬದ ಮರೆಗೆ ಕರೆದು, ಮರಣದ ಮನೆಯಲ್ಲಿ ಮಾತಾಡುವ ದನಿಯಲ್ಲಿ, "ನೋಡಿ ಕುಶಲಾ, ಆಮೇಲೆ ಯಾರೋ ಸೇರಿಸಿದ ಪ್ರಕ್ಷಿಪ್ತ ಇಲ್ಲದ ಕಾವ್ಯ ಯಾವುದುಂಟು? ಎಲ್ಲ ದೇಶದಲ್ಲಿಯೂ ಹೀಗೆಯೇ. ನೂರು ವರ್ಷ ಹೋದರೆ ನೀವೂ ಪರಂಪರೆಯೇ," ಎಂದರು. ಒಳ್ಳೆಯ ಮನುಷ್ಯ. ಅವಳ ಮಗಳ ಕಾಲಿನ ವಿಷಯ ಕೇಳಿ ನಿನ್ನೆ ಸಂಜೆ ಎರಡು ಸಲ ಫೋನು ಮಾಡಿದ್ದವರು. ಅವರ ಮಾತು ಬಿಸಿಲಿನಲ್ಲಿ ನಡೆದು ಬಂದವಳಿಗೆ ಫ್ಯಾನಿನ ಗಾಳಿಯ ಹಾಗೆ ತಾಗಿತು, ಅಲ್ಲಿಯೇ ನಿಂತುಬಿಡಬಹುದಿತ್ತು. "ನೂರು ವರ್ಷ ಅಲ್ಲ ಸರ್," ಎಂದಳು, "ಮಕ್ಕಳು ಹಾರುವುದು ಹನ್ನೊಂದೂವರೆಗೆ."

ರಿತೇಶ್ ಗ್ರೀನ್ ರೂಮಿನಲ್ಲಿ ಹುಡುಗಿಯರ ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟಿಸುತ್ತಿದ್ದ. ಅವಳು ಹೇಳುತ್ತ ಹೋದ ಹಾಗೆ ಅವನ ಕೈ ನಿಂತಿತು. "ಈಗ ಹೇಳಿದರೆ ಹೇಗೆ ಮೇಡಂ? ಮೂರು ತಿಂಗಳು! ನನಗೂ ಡೌಟ್ ಇತ್ತು. ಕರಾಟೆಯಲ್ಲಿ ಯಾರೂ ಹಾಗೆ ಇಳಿಯುವುದಿಲ್ಲ. ಆದರೆ ಬುಕ್ಕಿನಲ್ಲಿ ಉಂಟಲ್ಲ, ಹಿರಿಯರದ್ದಲ್ವಾ ಅಂತ ಮಕ್ಕಳಿಗೆ ಬೈದು ಬೈದು ಮಾಡಿಸಿದೆ." ಅವನ ದನಿ ಏರಿತು. "ನಿಮ್ಮ ಮಗಳಿಗೂ ಬೈದೆ." ಹುಡುಗಿಯರು ತಿರುಗಿ ನೋಡಿದರು. ವಿದ್ಯಾರ್ಥಿಗಳ ವಯಸ್ಸಿನವನೊಬ್ಬನ ಎದುರು, ಶಾಲೆಯ ಮಕ್ಕಳ ಎದುರು, ಅವಳು ಬೈಗಳು ತಿನ್ನುತ್ತ ನಿಂತಳು, ಸೆರಗು ಸರಿಮಾಡಿಕೊಳ್ಳಲಿಲ್ಲ. "ಹೌದು," ಎಂದಳು. "ಈಗ ಮೊಣಕಾಲು ಮಡಚಿ ಇಳಿಯಲಿ. ಅವರವರಿಗೆ ಬಂದ ಹಾಗೆ. ಇಳಿದ ಮೇಲೆ ನಾನು ಹನ್ನೆರಡು ಹೇಳುವವರೆಗೆ ಯಾರೂ ದೊಣ್ಣೆ ಎತ್ತಬಾರದು. ನಾನು ಎಷ್ಟು ಹೊತ್ತು ಸುಮ್ಮನಿದ್ದರೂ." ರಿತೇಶ್ ಹುಡುಗಿಯರ ಕಡೆ ತಿರುಗಿ ಚಪ್ಪಾಳೆ ತಟ್ಟಿದ. ಮೂಲೆಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಸಂಚಿತಾ, "ಏಯ್, ಸ್ಪ್ರಿಂಗಿನ ಹಾಗೆ ಇಳಿಯಿರಿ, ಕಂಬದ ಹಾಗೆ ಅಲ್ಲ, ನನ್ನ ಕಾಲು ನೋಡಿ," ಎಂದು ಟವೆಲ್ಲು ಬಿಚ್ಚಿ ತೋರಿಸಿದಳು. ಅಲ್ಲಿಯೇ ಮೂರು ಸಲ ಹಾರಿಸಿ ನೋಡಿದರು. ಸಂಚಿತಾಳ ಜಾಗಕ್ಕೆ ಬಂದ ಅಶ್ಮಿತಾ, ಎಂಟನೆಯ ತರಗತಿಯ ಸಣಕಲು ಹುಡುಗಿ, ಮೂರು ಸಲವೂ ಹಿಂದೆ ಬಿದ್ದಳು.

ದೀಪ ಬೆಳಗಿ, ಪುಸ್ತಕದ ರಿಬ್ಬನ್ ಬಿಚ್ಚಿ, ಶಾಲು ಹೊದೆಸಿದ ಮೇಲೆ ಮೈಕು ಅವಳ ಕೈಗೆ ಬಂತು. ಅವಳು ಬರೆದು ತಂದ ಭಾಷಣವನ್ನು ಮಡಚಿದಳು. "ಹಿಂದೆ ಬ್ಯಾನರಿನಲ್ಲಿರುವ ಸಾಲು ನಾನು ಬರೆದದ್ದು. ಗುರುವಪ್ಪ ಉಸ್ತಾದರು ಹೇಳಿದ್ದಲ್ಲ. ಅವರ ಹೆಸರಿನಲ್ಲಿ ಹದಿನಾಲ್ಕು ವರ್ಷ ನಡೆಸಿದ್ದೇನೆ. ಅದು ತಪ್ಪು ಪಾಠ. ಮುಂದಿನ ಅಚ್ಚಿನಲ್ಲಿ ಇರುವುದಿಲ್ಲ." ಎದುರಿನ ಸಾಲಿನಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು. ಹಿಂದಿನವರು ಸೇರಿಕೊಂಡರು. ಅಷ್ಟು ಒಳ್ಳೆಯ ಸಾಲು ಮೇಡಂದೇ ಅಂತೆ ಎಂದು ಯಾರೋ ಪಕ್ಕದವರಿಗೆ ಹೇಳಿದ್ದು ಕೇಳಿಸಿತು. ಅವಳಿಗೆ ಮುಖವನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಹೊಟ್ಟೆಯ ಆಳದಿಂದ ಕಿತ್ತು ತಂದದ್ದು ಜನರ ಕೈ ಸೇರುವಷ್ಟರಲ್ಲಿ ವಿನಯವಾಗಿಬಿಟ್ಟಿತ್ತು, ಇನ್ನೊಂದು ಶಾಲು. ಇನ್ನೂ ಮಾತಾಡಿದರೆ ಇನ್ನೂ ಚೆಂದವಾಗುತ್ತದೆ. ಮಾತನ್ನು ಅಲ್ಲಿಗೇ ಬಿಟ್ಟು ಅವಳು ಸ್ಟೇಜಿನ ಪಕ್ಕಕ್ಕೆ ಸರಿದಳು; ಹುಡುಗಿಯರು ಎರಡು ಸಾಲಾಗಿ ಬಂದು ನಿಂತರು.

ಒಂದಕ್ಕೆ ನೆಲ ಮುಟ್ಟು. ಹನ್ನೆರಡು ಬೆನ್ನುಗಳು ಬಾಗಿದವು. ಎರಡಕ್ಕೆ ಎಡಗಾಲು ಹಿಂದೆ. ಅವಳ ದನಿ ಮೊದಲು ತರಗತಿಯ ದನಿಯಾಗಿತ್ತು, ಐದಾರು ಮೆಟ್ಟುಗಳಲ್ಲಿ ಅದು ಸವೆದು ಹೋಯಿತು. ದೊಣ್ಣೆಗೆ ದೊಣ್ಣೆ ತಾಗುವ ಸದ್ದು ಎದೆಯ ಗೂಡಿಗೆ ಬಡಿಯುತ್ತಿತ್ತು. ಹಲಗೆ ಅದುರುತ್ತಿತ್ತು. ಒಂಬತ್ತು. ಹತ್ತಕ್ಕೆ ನೆಲ ಬಿಡು, ಎಂದಳು, ಮತ್ತು ಹನ್ನೆರಡೂ ಜನ ಒಟ್ಟಿಗೆ ಮೇಲಕ್ಕೆ ಹೋದರು, ಉಸ್ತಾದರು ಹೇಳಿದ ಹಾಗೆ, ಒಂದೇ ಮೈ ಎಂಬಂತೆ.

ಇಳಿದದ್ದು ಬೇರೆ ಬೇರೆಯಾಗಿ. ದಡದಡ ಎಂದು, ಒಬ್ಬಳ ಹಿಂದೆ ಒಬ್ಬಳು, ಮೊಣಕಾಲು ಮಡಚಿ. ಕುಶಲಾ ಬಾಯಿ ಮುಚ್ಚಿದಳು. ಸಭೆ ಕಾದಿತು. ಎಲ್ಲರಿಗೂ ಗೊತ್ತಿದ್ದ ಸಾಲು, ಬೆನ್ನ ಹಿಂದೆ ಹಳದಿಯಲ್ಲಿ ನೇತಾಡುತ್ತಿದ್ದ ಸಾಲು. ಸಭೆಯ ಮೂರನೆಯ ಸಾಲಿನಲ್ಲಿ ಯಾರೋ ಕೆಮ್ಮಿದರು. ಪರದೆಯ ಮರೆಯಿಂದ ಹ್ಯೂಬರ್ಟ್ ಸರ್ ಒಂದು ಹೆಜ್ಜೆ ಮುಂದೆ ಬಂದು, ಕೈಯನ್ನು ಬಾಯಿಗೆ ಅಡ್ಡ ಹಿಡಿದು, ನೆನಪಿಸಿಕೊಟ್ಟರು: "ಮಡಿಯದ ಮೊಣಕಾಲು... ಕುಶಲಾ, ಮಡಿಯದ ಮೊಣಕಾಲು..." ಆ ಜಾಗಕ್ಕೆ ಬೇರೆ ಸಾಲು ತಂದು ಅದನ್ನೂ ಮರೆತಿದ್ದಾಳೆ, ಇವತ್ತಿಗೆ ಹಳೆಯದೇ ಸಾಕು ಎಂದು ಅವರ ಮುಖದ ತುಂಬ ಕನಿಕರ. ಅವಳು ಆ ಕಡೆ ತಿರುಗಲಿಲ್ಲ. ಹಿಂದಿನ ಸಾಲಿನ ಕೊನೆಯಲ್ಲಿ ಅಶ್ಮಿತಾ ಒಂದು ಕಾಲ ಮೇಲೆ ವಾಲಿದ್ದಳು, ಎಡ ಹಿಮ್ಮಡಿ ನೆಲದಿಂದ ಬೆರಳಿನಷ್ಟು ಮೇಲೆ ನಡುಗುತ್ತಿತ್ತು, ತುಟಿ ಕಚ್ಚಿಕೊಂಡು ಅವಳು ಕುಶಲಾಳನ್ನೇ ನೋಡುತ್ತಿದ್ದಳು, ಈಗ ಬೈಯುತ್ತಾರೆ ಎಂಬಂತೆ. ಕುಶಲಾ ಆ ಹಿಮ್ಮಡಿಯನ್ನು ನೋಡಿದಳು. ಬೇರೆ ಯಾವುದನ್ನೂ ನೋಡಲಿಲ್ಲ. ಸಭೆಯಲ್ಲಿ ಗುಸುಗುಸು ಎದ್ದಿತು, ಹ್ಯೂಬರ್ಟ್ ಸರ್ ಮೂರನೆಯ ಸಲ ಹೇಳಿದರು, ಪಕ್ಕದ ಕುರ್ಚಿಯಲ್ಲಿ ಸಂಚಿತಾ ತನ್ನ ಊದಿದ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಹಿಮ್ಮಡಿ ಇಳಿಯಿತು, ಮತ್ತೆ ಎದ್ದಿತು, ಆಮೇಲೆ ನಿಧಾನವಾಗಿ ಹಲಗೆಯ ಮೇಲೆ ಕೂತಿತು.

"ಹನ್ನೆರಡಕ್ಕೆ," ಎಂದಳು ಕುಶಲಾ.